ರೇಡಿಯೋ ಹೊರಗೆ ಕೂತ ಹೊತ್ತು

ಕಟಿಂಗ್ ಶಾಪಿಗೆ ಬರುವವರೆಲ್ಲ ಅವನನ್ನು ರೇಡಿಯೋ ಅಂತಲೇ ಕರೆಯುತ್ತಿದ್ದರು. ಕತ್ತರಿ ನಿಂತರೂ ಅವನ ಬಾಯಿ ನಿಲ್ಲುತ್ತಿರಲಿಲ್ಲ. ಅಂಥವನ ಹೆಂಡತಿಗೆ ಲಕ್ವ ಹೊಡೆದು ಮಾತು ಬಿದ್ದುಹೋಯಿತು. ಕಾಲು ಹೇಗೋ ಚೇತರಿಸಿಕೊಂಡಿತು, ಬಲಗೈ ಅರ್ಧಂಬರ್ಧ. ಮಾತು ಮಾತ್ರ ಒಂದೊಂದೇ ಅಕ್ಷರ ಕಿತ್ತುಕೊಂಡು ಬರಬೇಕು. ಅಷ್ಟರಲ್ಲಿ ಇವನೇ ಉಳಿದದ್ದನ್ನು ಹೇಳಿ ಮುಗಿಸುತ್ತಿದ್ದ. ನೀರಾ, ಫ್ಯಾನಾ, ತಂಗಿಗೆ ಫೋನ್ ಮಾಡಲಾ ಎಂದು ಸುರಿಮಳೆ. ಅವಳು ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದಳು.

ಆಸ್ಪತ್ರೆಯವರ ಮಾತಿನ ಮೇಲೆ ಅವಳನ್ನು ಚಿತ್ರದ ಮೇಡಂ ಹತ್ತಿರ ಕರೆದೊಯ್ದ. ಚಿತ್ರ ಬರೆಸುತ್ತಲೇ ಮನಸ್ಸಿಗೆ ಚಿಕಿತ್ಸೆ ಕೊಡುವವರು. ವಾರಕ್ಕೊಂದು ಸಲ ಬಾಗಿಲು ಹಾಕಿಕೊಂಡು ಅವರಿಬ್ಬರೇ ಕೂರುತ್ತಿದ್ದರು, ಇವನು ಹೊರಗೆ ಕಾಯುತ್ತಿದ್ದ. ಕ್ರಮೇಣ ಅವಳ ಮುಖಕ್ಕೆ ಕಳೆ ಬಂತು. ಒಂದು ದಿನ ಮೊಣಕೈಗೆಲ್ಲ ನೀಲಿ ಬಣ್ಣ ಮೆತ್ತಿಕೊಂಡು, ನಗುವನ್ನು ಹತ್ತಿಕ್ಕಿದಂತೆ ಹೊರಗೆ ಬಂದಳು. ಏನು ಬರೆದೆ ಎಂದು ಕೇಳಿದ್ದಕ್ಕೆ ಹಾಳೆಯನ್ನು ಎದೆಗವಚಿಕೊಂಡಳು.

ಆದರೆ ವಿಮೆಯವರು ಕೈಕಾಲಿನ ವ್ಯಾಯಾಮಕ್ಕೆ ದುಡ್ಡು ಕೊಟ್ಟರೇ ಹೊರತು ಚಿತ್ರಕ್ಕೆ ಕೊಡಲಿಲ್ಲ. ಬಣ್ಣ ಬಳಿಯೋದು ಚಿಕಿತ್ಸೆ ಹೇಗಾಗುತ್ತೆ ಅಂದರಂತೆ. ರೇಡಿಯೋ ತನ್ನ ಅಂಗಡಿಯ ಎರಡನೇ ಕುರ್ಚಿಯನ್ನು ಮಾರಿ ಒಂದಷ್ಟು ವಾರ ತಳ್ಳಿದ. ಮೇಡಂ ತಮ್ಮ ಫೀಸು ಇಳಿಸಿದರು, ಕೋಣೆಯ ಬಾಡಿಗೆ ಇಳಿಸುವುದು ಅವರ ಕೈಯಲ್ಲಿರಲಿಲ್ಲ. ಗುಂಪಿನಲ್ಲಿ ಕೂತರೆ ಖರ್ಚು ಕಡಿಮೆಯಾಗುತ್ತೆ ಅಂತ ಅದನ್ನೂ ನೋಡಿದ್ದಾಯಿತು. ಹತ್ತು ಜನರ ನಡುವೆ ಅವಳು ಬ್ರಷ್ ಕೆಳಗಿಟ್ಟು, ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಅಲ್ಲಿಗೆ ನಿಂತಿತು. ಮನೆಗೆ ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನು ಕಾರಣ ಹೇಳುತ್ತಲೇ ಇದ್ದ. ಅವಳು ಕಿಟಕಿಯ ಕಡೆಗೇ ತಿರುಗಿದ್ದಳು.

ಬಣ್ಣದ ಡಬ್ಬಿ ತಂದು ಮನೆಯಲ್ಲೇ ಎದುರಿಗೆ ಕೂತ. ಬರಿ, ನಾನಿದ್ದೀನಲ್ಲ ಎಂದು ಹುರಿದುಂಬಿಸಿದ. ತಾನೇ ಗಿಳಿ ಬರೆಯಲು ಹೋದ, ಬದನೆಕಾಯಿಗೆ ಮೂಗು ಬಂದ ಹಾಗಾಯಿತು. ಅವಳು ನಗಲೂ ಇಲ್ಲ, ಬ್ರಷ್ ಮುಟ್ಟಲೂ ಇಲ್ಲ.

ಒಂದು ಮಧ್ಯಾಹ್ನ ಕನ್ನಡಕ ಮರೆತು ಮನೆಗೆ ವಾಪಸು ಬಂದ. ಅವಳು ನೆಲದ ಮೇಲೆ ಹಾಳೆ ಹರವಿ, ಎಡಗೈಯಲ್ಲಿ ಬರೆಯುತ್ತಿದ್ದಳು. ಅವನನ್ನು ಕಂಡು ಚಿತ್ರದ ಮೇಲೆ ಬಾಗಿಬಿಟ್ಟಳು. ನೀರಿನ ಲೋಟ ಉರುಳಿತು.

"ಹೊ... ಹೊರ..."

"ಹೊರಗೆ ಹೋಗ್ಬೇಕಾ? ಈ ಬಿಸಿಲಲ್ಲಾ?"

ಅವಳು ಅಲ್ಲವೆಂದು ತಲೆಯಾಡಿಸಿದಳು. ಕತ್ತಿನ ನರ ಉಬ್ಬಿತು. "ನೀ... ವು. ಹೊರಗೆ."

ಹಾಸಿಗೆ ಹಿಡಿದ ಮೇಲೆ ಅವಳು ಪೂರ್ತಿಯಾಗಿ ಆಡಿದ ಮೊದಲ ಮಾತು ಅದು. ರೇಡಿಯೋ ಉರುಳಿದ ಲೋಟವನ್ನು ಎತ್ತಿಟ್ಟ. ಕನ್ನಡಕವನ್ನೂ ತೆಗೆದುಕೊಳ್ಳದೆ ಹೊರಟುಹೋದ. ಆ ದಿನ ಅವನ ಕೈಕೆಳಗೆ ತಲೆ ಕೊಟ್ಟವರು, ಜ್ವರಗಿರ ಏನಾದರೂ ಬಂದಿದೆಯಾ ಎಂದು ವಿಚಾರಿಸಿದರು.

ಈಗ ಸಂಜೆ ಅಂಗಡಿ ಮುಚ್ಚಿ ಬಂದವನು, ಅವಳು ಚಿತ್ರ ಮುಗಿಸಿ ಬಾಗಿಲು ತೆಗೆಯುವವರೆಗೆ ಮೆಟ್ಟಿಲ ಮೇಲೆ ಕೂತಿರುತ್ತಾನೆ. ಮೇಲಿನ ಮನೆಯವರು ಕೇಳಿದರೆ ಒಳಗೆ ಸೆಕೆ ಅನ್ನುತ್ತಾನೆ. ಅವಳು ಮೇಡಂ ಜೊತೆ ಕೂತದ್ದಕ್ಕೆ ಇದು ಸಾಟಿಯಲ್ಲ ಅಂತ ಅವನಿಗೂ ಗೊತ್ತು. ಕೆಲವು ಸಂಜೆ ಒಳಗೆ ಹಾಳೆ ಹರಿದ ಸದ್ದಾಗುತ್ತದೆ, ಆಮೇಲೆ ಬಿಕ್ಕುವುದು ಕೇಳುತ್ತದೆ. ಮೇಡಂ ಇದ್ದಿದ್ದರೆ ಆಗ ಏನು ಮಾಡುತ್ತಿದ್ದರೋ. ಅವನು ಎದ್ದು ಬಾಗಿಲವರೆಗೂ ಹೋಗುತ್ತಾನೆ, ಚಿಲಕ ಮುಟ್ಟದೆ ಹಾಗೇ ನಿಂತಿರುತ್ತಾನೆ.