ಹೊಟ್ಟೆನೋವಿನ ಚೀಟಿ

ಆಸ್ಪತ್ರೆಯ ಗುಮಾಸ್ತನೊಬ್ಬ ಕಥೆ ಹೇಳಹೊರಟಿದ್ದಕ್ಕೆ ಕ್ಷಮೆಯಿರಲಿ. ಸಂಜೆ ಶಾಲೆಯಲ್ಲಿ ಕಲಿತ ಬರವಣಿಗೆ ನನ್ನದು, ತಪ್ಪಿದ್ದರೆ ತಿದ್ದಿಕೊಳ್ಳಿ.

ನಮ್ಮ ಹಳ್ಳಿಯ ಆಸ್ಪತ್ರೆಯಲ್ಲಿ ಮೂರು ವರ್ಷ ಖಾಲಿಯಿದ್ದ ಕುರ್ಚಿಗೆ ಕೊನೆಗೂ ಒಬ್ಬ ಎಳೆಯ ವೈದ್ಯರು ಬಂದಿದ್ದರು. ಹಳ್ಳಿಯ ವೈದ್ಯರಿಗೆ ತರಬೇತಿ ಕೊಡುವ ಕಚೇರಿಯಿಂದ ಒಂದು ದಿನ ಅವರನ್ನು ಪರೀಕ್ಷಿಸಲು ಪರೀಕ್ಷಕರು ಬಂದರು. ನಪಾಸಾದರೆ ವೈದ್ಯರನ್ನು ವಾಪಸು ಕರೆಸಿಕೊಳ್ಳುತ್ತಾರೆ.

ಹೊರಗಿನ ಬೆಂಚುಗಳಲ್ಲಿ ನಲವತ್ತು ರೋಗಿಗಳು ಕೂತಿದ್ದರು. ಆದರೆ ಪರೀಕ್ಷೆಗೆ ಬೇಕಾದದ್ದು ಆರೋಗ್ಯವಂತರು. ಅವರು ಪರೀಕ್ಷಕರು ತಂದ ಚೀಟಿಯಲ್ಲಿದ್ದ ಕಾಯಿಲೆಯನ್ನು ನಟಿಸಬೇಕು.

"ನಿಜವಾದ ರೋಗಿಗಳು ಒಬ್ಬೊಬ್ರು ಒಂದೊಂದು ಥರ ಹೇಳ್ತಾರ್ರೀ, ಅಂಕ ಕೊಡೋಕಾಗಲ್ಲ," ಎಂದರು ಪರೀಕ್ಷಕರು.

ಗುಂಡುಕಲ್ಲಿನಂತಿದ್ದ ಚಿಕ್ಕಮ್ಮನನ್ನು ನಾನೇ ಕರೆತಂದೆ. ನನ್ನನ್ನು ಸಾಕಿದವಳು ಅವಳು. ಹೊಟ್ಟೆನೋವಿನ ಚೀಟಿ ಕೈಗಿಟ್ಟೆ.

"ಇದರಲ್ಲಿ ಇಲ್ಲದ್ದು ಒಂದಕ್ಷರ ಹೇಳಬಾರದು, ಚಿಕ್ಕಮ್ಮ."

"ಆಯ್ತು ಕಣೋ, ನಿನ್ನ ಮಾನ ಕಳೀತೀನಾ?"

ವೈದ್ಯರು ಅವಳ ಹೊಟ್ಟೆ ಒತ್ತಿ ನೋಡಿದರು. ಆಮೇಲೆ ಹಣೆಯ ಬೆವರು ಕಂಡು, "ಅಮ್ಮಾ, ಎದೆಯಲ್ಲೇನಾದ್ರೂ ಆಗ್ತಿದೆಯಾ?" ಎಂದರು.

ಚಿಕ್ಕಮ್ಮ ನನ್ನ ಮುಖ ನೋಡಿದಳು. "ಹೊಟ್ಟೆ," ಎಂದಳು.

"ಎಡಗೈ ಜೋಮು ಹಿಡಿದಿದೆಯಾ?"

"ಅದು ಚೀಟೀಲಿಲ್ಲ, ಡಾಕ್ಟ್ರೇ."

"ಚೀಟಿ ಹಾಳಾಗ್ಲಿ!" ವೈದ್ಯರು ಇಸಿಜಿ ಯಂತ್ರ ಎಳೆದು ತಂದರು.

"ಹೊಟ್ಟೆ ಬಿಟ್ಟು ಮೇಲಕ್ಕೆ ಹೋಗ್ತಿದ್ದೀರಿ. ನಾಲ್ಕೇ ನಿಮಿಷ ಉಳಿದಿದೆ," ಎಂದು ಪರೀಕ್ಷಕರು ಎಚ್ಚರಿಸಿದರು.

ಯಂತ್ರದಿಂದ ಬಂದ ಕಾಗದ ನೋಡಿದ್ದೇ ಪರೀಕ್ಷಕರ ಮುಖದ ಬಣ್ಣವೂ ಇಳಿಯಿತು. ಹೃದಯಾಘಾತ. ಸ್ಟ್ರೆಚರಿನ ಒಂದು ತುದಿಯನ್ನು ತಾವೇ ಹಿಡಿದು ಓಡಿದರು. ವೈದ್ಯರು ಚಿಕ್ಕಮ್ಮನ ಜೊತೆ ಆಂಬುಲೆನ್ಸ್ ಹತ್ತಿದರು. ಪರೀಕ್ಷಕರು ಒಳಗೆ ಬಂದು, ಕೈ ತೊಳೆದು, ವೈದ್ಯರ ಅಂಕಪಟ್ಟಿಯಲ್ಲಿ ಸೊನ್ನೆ ಹಾಕಿದರು.

"ಜೀವ ಉಳಿಸಿದ್ದಾರಲ್ಲ, ಸಾರ್!" ಎಂದೆ.

"ನನಗೂ ಬೇಜಾರೇ ಕಣ್ರೀ. ಏನ್ಮಾಡ್ಲಿ, ಸರಿ ಉತ್ತರ ಮೊದಲೇ ಅಚ್ಚಾಗಿ ಬಂದಿದೆ. ಸಾಕ್ಷಿ ಅಂತ ಇಲ್ಲಿ ಸಹಿ ಹಾಕಿ."

ಹೇಳಿದಲ್ಲೆಲ್ಲ ಸಹಿ ಹಾಕಿ ಇಪ್ಪತ್ತು ವರ್ಷ ಕಳೆದವನು ನಾನು. ಅಂದು ಪೆನ್ನು ಹಿಡಿದೆ, ಸಹಿ ಹಾಕದೆ ಕೆಳಗಿಟ್ಟೆ. ಅವರು ಕಾಗದವನ್ನು ಹಾಗೇ ಒಯ್ದರು.

ಚಿಕ್ಕಮ್ಮ ಹತ್ತು ದಿನಕ್ಕೆ ಮನೆಗೆ ಬಂದಳು. ಅವಳ ಮೊದಲ ಮಾತು: "ನನ್ನಿಂದ ಡಾಕ್ಟ್ರು ಫೇಲಾಗ್ಬಿಟ್ರೇನೋ?"

ಸಹಿಯಿಲ್ಲದ ಸೊನ್ನೆ ಕಚೇರಿಯಲ್ಲಿ ಊರ್ಜಿತವೋ ಅಲ್ಲವೋ, ವೈದ್ಯರು ನಮ್ಮಲ್ಲಿ ಉಳಿಯುತ್ತಾರೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ.