ಕಂಬಳಿ ಅಲ್ಲೇ ಇತ್ತು, ಲ್ಯಾಪ್‌ಟಾಪ್ ಇರಲಿಲ್ಲ

ವಿಜಯಪುರದ ಆ ವಾಚನಾಲಯದಲ್ಲಿ ಜಾಗ ಸಿಗುವುದೇ ಕಷ್ಟ. ಎದ್ದು ಹೋಗಿ ಬರುವಷ್ಟರಲ್ಲಿ ಕುರ್ಚಿ ಇನ್ನೊಬ್ಬರ ಪಾಲು. ಅದಕ್ಕೇ ಪರೀಕ್ಷೆಗೆ ಓದುತ್ತಿದ್ದ ಜೈನಾಪುರದ ಲಲಿತಾ, ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಟ್ಟು ಅದರ ಮೇಲೊಂದು ಕರಿ ಕಂಬಳಿಯ ತುಂಡು ಮುಚ್ಚಿ ಹೋಗುತ್ತಿದ್ದಳು.

ಕಂಬಳಿ ಕೊಟ್ಟವನು ಅಪ್ಪ ಖಂಡಪ್ಪ. ಅವರದು ಕುರಿ ಕಾಯುವ ಮನೆತನ. ಅಡವಿಯಲ್ಲಿ ಬುತ್ತಿಯಾಗಲಿ, ಆಗಷ್ಟೇ ಹುಟ್ಟಿದ ಮರಿಯಾಗಲಿ, ಕಂಬಳಿ ಮುಚ್ಚಿಟ್ಟದ್ದನ್ನು ಯಾರೂ ಮುಟ್ಟುವುದಿಲ್ಲ ಎಂಬುದು ಅವನ ನಂಬಿಕೆ.

ಲಲಿತಾಳ ಗೆಳತಿ ಕಾವ್ಯಾ ಖಂಡಪ್ಪನಿಗೆ ಮೊದಲೇ ಎಚ್ಚರಿಸಿದ್ದಳು. ಜೋರಾಪುರ ಪೇಟೆಯಲ್ಲಿ ಅವಳ ಅಪ್ಪನದು ಕಂಪ್ಯೂಟರ್ ಅಂಗಡಿ.

"ಕಾಕಾ, ಒಂದು ಕೇಬಲ್ ಲಾಕ್ ತಗೋರಿ. ಉಕ್ಕಿನ ಹಗ್ಗ ಇರ್ತೈತಿ. ಮೇಜಿನ ಕಾಲಿಗೆ ಸುತ್ತಿ, ಲ್ಯಾಪ್‌ಟಾಪಿನ ಬಾಜೂಕಿನ ತೂತಿನ್ಯಾಗ ಕೀಲಿ ಹಾಕಿದ್ರ ಆತು."

ಖಂಡಪ್ಪ ನಕ್ಕುಬಿಟ್ಟಿದ್ದ. "ಓದೂ ಮಂದಿಯೊಳಗ ಕಳ್ಳರೆಲ್ಲಿ ಬರ್ತಾರವ್ವಾ? ನಾಯಿಗೆ ಸರಪಳಿ ಹಾಕ್ತಾರ, ಪುಸ್ತಕಕ್ಕ ಹಾಕ್ತಾರೇನು? ನಮ್ಮ ಕಂಬಳಿ ಸಾಕು."

ಒಂದು ಮಂಗಳವಾರ ಅವನೇ ಬುತ್ತಿ ತಂದ. ಹೊರಗೆ ಬೇವಿನ ನೆರಳಲ್ಲಿ ಅಪ್ಪ ಮಗಳು ಉಂಡರು. ಲಲಿತಾ ಏಳಲು ಹೋದಾಗ, "ಇನ್ನೊಂದು ರೊಟ್ಟಿ ತಿನ್ನ ಬೇ" ಎಂದು ಕೈ ಹಿಡಿದು ಕೂರಿಸಿದ. ಒಳಗೆ ಹೋದರೆ ಮೇಜಿನ ಮೇಲೆ ಕಂಬಳಿ ಮಾತ್ರ ಇತ್ತು.

ಲಲಿತಾ ಅದನ್ನೇ ಎತ್ತಿ ಎತ್ತಿ ನೋಡಿದಳು. "ಯಪ್ಪಾ, ಅವ್ವನ ಪದಾ ಅದರಾಗ ಇದ್ದುವು" ಎಂದಳು.

ಹೋದ ವರ್ಷ ತೀರಿಕೊಂಡ ಬೋರವ್ವ, ಆಸ್ಪತ್ರೆ ಸೇರುವ ಮುಂಚೆ ಮಗಳೆದುರು ಕೂತು ಹಾಡಿ ರೆಕಾರ್ಡ್ ಮಾಡಿಸಿದ್ದ ಹದಿನೇಳು ಬೀಸುವ ಪದಗಳು. ಅವುಗಳ ಪ್ರತಿ ಬೇರೆಲ್ಲೂ ಇರಲಿಲ್ಲ. ಲಲಿತಾ ಊರಿಗೆ ಬಂದಾಗಲೆಲ್ಲ ಖಂಡಪ್ಪ ಅವನ್ನು ಕಣ್ಣು ಮುಚ್ಚಿ ಕೇಳುತ್ತಿದ್ದ.

ಪೊಲೀಸರಿಗೆ ದೂರು ಕೊಟ್ಟರು. ಬಿಲ್ಲಿನಲ್ಲಿದ್ದ ಲ್ಯಾಪ್‌ಟಾಪಿನ ನಂಬರನ್ನೂ ಬರೆಸಿದರು. ಮೂರು ತಿಂಗಳಾದರೂ ಸುಳಿವಿಲ್ಲ. "ಯಂತ್ರ ಆ ಕಳ್ಳನ ಇಟಗೊಳ್ಳಲಿ, ಅಕಿ ದನಿ ಅಷ್ಟರೆ ತಿರುಗಿ ಕೊಡಲಿ" ಎಂದು ಖಂಡಪ್ಪ ಕಂಡಕಂಡವರ ಮುಂದೆ ಗೋಗರೆದ. ಅವನ ಸಂಕಟ ಕೇಳಿ ಮರುಗದವರಿಲ್ಲ.

ಕೊನೆಗೆ ಕಾವ್ಯಾಳ ಅಂಗಡಿಯಲ್ಲಿ ಹಳೆಯದೊಂದು ಲ್ಯಾಪ್‌ಟಾಪ್ ಕೊಂಡರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಈಗ ಖಂಡಪ್ಪನೇ, "ಮೊದಲ ಆ ಹಗ್ಗಾ ತೋರಸವ್ವಾ" ಎಂದ.

"ಎತ್ತಾಕ ಬರೂ ಕುರ್ಚಿಗೆ ಕಟ್ಟಬ್ಯಾಡ್ರಿ ಕಾಕಾ, ಗ್ವಾಡಿಗೆ ಮೊಳೆ ಹೊಡದು ಕೂಡಿಸಿದ ಮೇಜಿಗೆ ಕಟ್ರಿ. ಕೀಲಿಕೈ ಲ್ಯಾಪ್‌ಟಾಪಿನ ಚೀಲದಾಗ ಇಡಬ್ಯಾಡ್ರಿ" ಎಂದಳು ಕಾವ್ಯಾ.

"ಕಳ್ಳ ಇದನ್ನ ಕತ್ತರಿಸಂಗಿಲ್ಲೇನು?"

"ಕತ್ತರಿಸಬಹುದು. ಆದ್ರ ಹೊತ್ತು ಹಿಡಿತೈತಿ, ನಾಲ್ಕು ಮಂದಿ ನೋಡ್ತಾರ. ಹಂಗಂತ ಅದನ್ನ ನಂಬಿ ಕೂಡಬ್ಯಾಡ್ರಿ. ಬೇಕಾದ್ದರ ಪ್ರತಿ ಬ್ಯಾರೆ ಕಡೆನೂ ಇಡಬೇಕು."

ವಾಚನಾಲಯದಲ್ಲಿ ಖಂಡಪ್ಪ ತಾನೇ ಕೇಬಲ್ ಸುತ್ತಿ, ಗೂಟದ ಹಗ್ಗ ಜಗ್ಗಿದ ಹಾಗೆ ಎರಡು ಸಲ ಜಗ್ಗಿ ನೋಡಿದ. ರೂಢಿಯಂತೆ ಮೇಲೆ ಕಂಬಳಿ ಹಾಕಿದವನು ಮತ್ತೆ ತೆಗೆದು ಹೆಗಲಿಗೇರಿಸಿದ. "ಇದು ಚಳಿ ತಡಿತೈತಿ, ಕಳ್ಳರನ್ನಲ್ಲ" ಎಂದ.

ಬೇವಿನ ಕೆಳಗೆ ಲಲಿತಾ ರೆಕಾರ್ಡ್ ಮಾಡಲು ಫೋನು ಮುಂದೆ ಹಿಡಿದಳು. "ಯಪ್ಪಾ, ನಿನಗ ನೆನಪಿದ್ದಷ್ಟು ಅವ್ವನ ಪದಾ ಹೇಳು."

ಖಂಡಪ್ಪ ಎರಡು ಸಾಲು ಹೇಳಿದ. ಮೂರನೆಯದು ನೆನಪಿಗೆ ಬರಲಿಲ್ಲ.

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕೊಳ್ಳುವ ಮುಂಚೆ ನಿಮ್ಮ ಲ್ಯಾಪ್‌ಟಾಪಿಗೆ ಯಾವ ಲಾಕ್ ಕೂರುತ್ತದೆ ಎಂದು ಕೇಳಿಕೊಳ್ಳಿ. ಐದು ನಿಮಿಷಕ್ಕೆ ಎದ್ದರೂ ಕೇಬಲ್ ಹಾಕಿಯೇ ಏಳಿ. ನಿಮಗೆ ಬೇಕಾದವರ ದನಿ ಅದರೊಳಗಿದ್ದರೆ, ಇವತ್ತೇ ಇನ್ನೊಂದು ಕಡೆ ಪ್ರತಿ ಮಾಡಿಡಿ. ಖಂಡಪ್ಪ ಇನ್ನೂ ಆ ಮೂರನೆಯ ಸಾಲು ಹುಡುಕುತ್ತಿದ್ದಾನೆ.