ಫೈನಲೈಸ್ ಆಗದ ರೋಸ್

1
ಎಲ್ಲಿಂದ ಶುರು ಮಾಡುದು? ಬಿಜೈಯ ಯೋಗೀಶನ ವೀಡಿಯೋ ಅಂಗಡಿಯಿಂದ ಅಂತ ಇಟ್ಟುಕೊಳ್ಳಿ. ಅಲ್ಲಿ ಕಂಪ್ಯೂಟರು ಮೂರನೇ ಸಲ "ಈ ಡಿಸ್ಕ್ ಖಾಲಿ" ಅಂತ ಹೇಳಿ ಕೂತಿದೆ. ಖಾಲಿಯಿಂದ ಕಥೆ ಶುರು ಮಾಡ್ಲಿಕ್ಕೆ ಆಗ್ತದಾ? ನೀವೇ ಹೇಳಿ. ಬೇಡ, ಹೇಳಬೇಡಿ. ಹೇಳುವವರು ನಮ್ಮ ಮನೆಯಲ್ಲೇ ಬೇಕಾದಷ್ಟು ಇದ್ದಾರೆ.

2
(ಬರೆದು ಬಿಟ್ಟದ್ದು.) "ಮಣ್ಣಗುಡ್ಡದ ನಮ್ಮ ಅಂಗಳದಲ್ಲಿ ಅಂದು ಬೆಳದಿಂಗಳು ಹಾಲು ಚೆಲ್ಲಿದ ಹಾಗೆ..." ಸುಳ್ಳು. ಬೆಳದಿಂಗಳು ಇರಲಿಲ್ಲ. ನಾಲ್ಕು ಟ್ಯೂಬ್‌ಲೈಟ್ ಇತ್ತು, ಒಂದು ಮಿಣಮಿಣ ಅಂತಿತ್ತು. ನನಗೆ ಎಲ್ಲ ನೆನಪುಂಟು. ನನ್ನ ನೆನಪು ತಪ್ಪುವುದಿಲ್ಲ ಅಂತ ಊರೇ ಹೇಳ್ತದೆ.

3
ಸರಿ, ನೇರ ಹೇಳ್ತೇನೆ. ಮಗಳು ಗ್ಲೆನಿಟಾಳ ರೋಸ್, 2008ರ ಜನವರಿ. ಮದುವೆಯ ಮುಂಚಿನ ದಿನ ಮದುಮಗಳನ್ನು ಕೂರಿಸಿ ತೆಂಗಿನ ಹಾಲು ಹಚ್ಚುವುದು ನಮ್ಮ ಕ್ರಿಶ್ಚಿಯನರ ಕ್ರಮ, ಅದೇ ರೋಸ್. ನಾನು ಪಕ್ಕದಲ್ಲಿ ನಿಂತು ಒಬ್ಬೊಬ್ಬರ ಹೆಸರು ಕರೆಯಬೇಕು, ಅವರು ಬಂದು ಹಚ್ಚಬೇಕು. ನನ್ನ ತಂಗಿ ಸೆವ್ರಿನ್‌ಳ ಗಂಡ ತೀರಿಕೊಂಡು ಆಗ ಎಂಟು ತಿಂಗಳು. "ಗಂಡ ಇಲ್ಲದವಳು ಹಚ್ಚುದು ಬೇಡ" ಅಂತ ಒಬ್ಬರು ಮುದುಕಿ ನನ್ನ ಕಿವಿಯಲ್ಲಿ ಹೇಳಿದರು. ನಾನು ಕಿವಿಗೆ ಹಾಕಿಕೊಳ್ಳದೆ ಸೆವ್ರಿನ್‌ಳನ್ನು ಕರೆದೆ. ಎರಡು ಸಲ. ಅವಳು ಬರಲಿಲ್ಲ.

ಇದು ನನ್ನ ಲೆಕ್ಕ. ಅಕ್ಕ ಕರೆಯಲೇ ಇಲ್ಲ ಅಂತ ಅವಳ ಲೆಕ್ಕ. ಹದಿನೇಳು ವರ್ಷದಿಂದ ಅವಳು ನಮ್ಮ ಮೆಟ್ಟಿಲು ಹತ್ತಿಲ್ಲ, ಬೋಳಾರದ ಅವಳ ಮೆಟ್ಟಿಲು ನಾನು ಹತ್ತಿಲ್ಲ. ಹೋದ ತಿಂಗಳು ಗ್ಲೆನಿಟಾ ಕಪಾಟು ಒರೆಸುವಾಗ ರೋಸಿನ ಡಿಸ್ಕ್ ಸಿಕ್ಕಿತು. ಯಾರು ಸರಿ ಅಂತ ಅದರಲ್ಲಿ ಉಂಟು. ಹಾಕಿ ತೋರಿಸುವ ಅಂದೆ.

4
ಎಂತ ತೋರಿಸುದು? ಕುವೈತಿನಿಂದ ಕ್ಯಾಮೆರಾ ತಂದದ್ದು ನನ್ನ ಗಂಡ ಬಾಸಿಲ್. ಅಂಗೈಯಷ್ಟು ಡಿಸ್ಕ್. ತೆಗೆದು ಮುಗಿದ ಮೇಲೆ ಫೈನಲೈಸ್ ಅಂತ ಒಂದು ಒತ್ತಬೇಕಂತೆ, ಒತ್ತಿದರೆ ಮಾತ್ರ ಬೇರೆ ಮಿಷನಿಗೆ ಅದರ ಗುರುತು ಸಿಗುವುದಂತೆ. ಇವರು ಒತ್ತಲಿಲ್ಲ.

"ಒತ್ತಿದ್ರೆ ಮತ್ತೆ ತೆಗೀಲಿಕ್ಕೆ ಆಗುದಿಲ್ಲ ಮಾರಾಯ್ತಿ. ಇನ್ನೂ ನಾಲ್ಕು ನಿಮಿಷ ಜಾಗ ಇತ್ತಲ್ಲ!"

"ಹದಿನೇಳು ವರ್ಷದಲ್ಲಿ ಆ ನಾಲ್ಕು ನಿಮಿಷದಲ್ಲಿ ಎಂತ ತೆಗೆದಿರಿ?"

"ತೆಗೀಲಿಕ್ಕೆ ಅಂತಲೇ ಇಟ್ಟದ್ದು."

ಆ ಕ್ಯಾಮೆರಾದಲ್ಲೇ ಹಾಕಬಹುದಿತ್ತು. ಅದನ್ನು ಇವರ ತಮ್ಮ ಡೆರಿಲ್ ಪಣಂಬೂರಿಗೆ ಕೊಂಡುಹೋಗಿ ಸಮುದ್ರದ ನೀರು ಕುಡಿಸಿ ತಂದಿದ್ದ. (ಈ ಡೆರಿಲನನ್ನು ಕಥೆಯಿಂದ ತೆಗೆಯುವ ಅಂತ ನೋಡಿದೆ. ತೆಗೆದರೆ ಕ್ಯಾಮೆರಾ ಸರಿಯಾಗುವುದಿಲ್ಲವಲ್ಲ.)

5
ಯೋಗೀಶ ಡಿಸ್ಕನ್ನು ಬೆಳಕಿಗೆ ಹಿಡಿದ. "ಖಾಲಿ ಅಲ್ಲ ಬಾಯಮ್ಮ. ನೋಡಿ, ಬರೆದಲ್ಲಿ ಬಣ್ಣ ಬೇರೆ ಉಂಟು." (ನಮ್ಮ ಹೆಂಗಸರು ಊರಿಗೆಲ್ಲ ಬಾಯಮ್ಮ, ಗಂಡಸರು ಪೊರ್ಬುಗಳು.)

"ಹಾಗಾದ್ರೆ ತೋರ್ಸು."

"ಹಾಗೆ ಬರುದಿಲ್ಲ. ಒಳಗಿಂದ ಎಳೆದು ತೆಗೀಬೇಕು. ಚೂರುಚೂರು ಬರ್ತದೆ, ಮುಂದಿನದ್ದು ಹಿಂದೆ, ಹಿಂದಿನದ್ದು ಮುಂದೆ. ಬುಧವಾರ ಬನ್ನಿ."

ಬುಧವಾರ ಹೋದೆ. ಶುಕ್ರವಾರ ಬನ್ನಿ. ಶುಕ್ರವಾರ ಹೋದೆ. ಅರ್ಧ ಎಳೆಯುವಾಗ ಕರೆಂಟ್ ಹೋಯಿತಂತೆ. ಸೋಮವಾರ ಬನ್ನಿ.

6
ಕಾಯುವಾಗ ಸುಮ್ಮನೆ ಕೂರುವುದು ಯಾಕೆ ಅಂತ ಕೊನೆಯನ್ನು ಬರೆದಿಟ್ಟೆ: ವೀಡಿಯೋದಲ್ಲಿ ನನ್ನ ಸ್ವರ ಎರಡು ಸಲ ಕೇಳುತ್ತದೆ, ಸೆವ್ರಿನ್ ನನ್ನ ಕೈ ಹಿಡಿದು ಅಳುತ್ತಾಳೆ.

"ಅಕ್ಕಾ, ನಾನು ಅಳ್ತೇನೆ ಅಂತ ಬರೆಯುವ ಮೊದಲು ನನ್ನನ್ನು ಕೇಳ್ಬೇಕಲ್ಲ?" ಅಂದಳು ಕಾಗದದ ಸೆವ್ರಿನ್.

"ಇದು ನನ್ನ ಕಥೆ. ನೀನು ಸುಮ್ಮನಿರು."

"ಅವತ್ತೂ ಸುಮ್ಮನೇ ಇದ್ದೆ."

ಆ ಪುಟ ಹರಿದೆ. ಕಾಗದದವಳೇ ಇಷ್ಟು ಮಾತಾಡಿದರೆ ಬೋಳಾರದವಳು ಎಷ್ಟು ಮಾತಾಡಿಯಾಳು!

7
ಸೋಮವಾರ ಬಾಸಿಲರೂ ಬಂದರು, ಚೂರುಗಳೂ ಬಂದವು. ಮೊದಲು ಊಟ. ಆಮೇಲೆ ಯಾರದ್ದೋ ಬೆನ್ನು, ಬೆನ್ನೇ ಒಂದು ನಿಮಿಷ. (ಬಾಸಿಲ್ ತೆಗೆದದ್ದು.) ಆಮೇಲೆ ಹನ್ನೊಂದು ಸೆಕೆಂಡಿನ ಒಂದು ಚೂರು.

ನಾನು ಕರೆಯುತ್ತಿದ್ದೇನೆ. ಎರಡು ಸಲ, ಜೋರಾಗಿ. "ಶರೊನ್! ಶರೊನ್!" ಶರೊನ್ ಬಾಸಿಲರ ತಂಗಿ. ನನ್ನ ಹಿಂದೆ ಸೆವ್ರಿನ್ ಕುರ್ಚಿಯಿಂದ ಅರ್ಧ ಎದ್ದಿದ್ದಾಳೆ. ಸೆರಗು ಸರಿಮಾಡಿ, ಪರ್ಸನ್ನು ಪಕ್ಕದವಳ ಕೈಗೆ ಕೊಟ್ಟಿದ್ದಾಳೆ. ನಾನು ತಿರುಗಿ ಅವಳನ್ನು ನೋಡುತ್ತೇನೆ. ಸರಿಯಾಗಿ ನೋಡುತ್ತೇನೆ. ಆಮೇಲೆ ಮುಖ ಈಚೆ ತಿರುಗಿಸುತ್ತೇನೆ. ಅವಳು ಕೂತು ಪರ್ಸ್ ವಾಪಸ್ ತೆಗೆದುಕೊಳ್ಳುತ್ತಾಳೆ.

"ಸೌಂಡ್ ಕ್ಲಿಯರ್ ಉಂಟಲ್ಲ ಬಾಯಮ್ಮ?" ಯೋಗೀಶನಿಗೆ ಖುಷಿ.

"ಉಂಟು."

"ಮುಂದಿನ ಚೂರಿನಲ್ಲಿ ಕರೆದಿರಬಹುದು," ಅಂದರು ಬಾಸಿಲ್.

"ರೋಸಿಂದು ಇಷ್ಟೇ ಪೊರ್ಬುಗಳೇ. ಉಳಿದದ್ದೆಲ್ಲ ಊಟ," ಅಂದ ಯೋಗೀಶ.

8
(ಇನ್ನೊಂದು ಕೊನೆ. ಬಾಸಿಲ್ ಕೊಟ್ಟದ್ದು.) "ಡಿಸ್ಕ್ ಖಾಲಿ ಇತ್ತು ಅಂತ ಹೇಳುವ. ಕಂಪ್ಯೂಟರೇ ಹೇಳಿದೆಯಲ್ಲ."

ಬರೆದೆ. ಚಂದ ಕೂತಿತು. ನಿಮಗೂ ಗೊತ್ತಾಗುತ್ತಿರಲಿಲ್ಲ. ಆದರೆ ಏಳನೆಯದ್ದನ್ನು ನಾನು ಆಗಲೇ ಬರೆದಾಗಿತ್ತು.

9
ಬೋಳಾರ. ಮೆಟ್ಟಿಲು ಹತ್ತಿದೆ. ಗ್ಲೆನಿಟಾಳ ಫೋನಿನಲ್ಲಿ ಆ ಚೂರನ್ನು ಹಾಕಿ ಕೊಟ್ಟೆ. ಸೆವ್ರಿನ್ ಕನ್ನಡಕ ಹಾಕಿ ನೋಡಿದಳು.

"ಪರ್ಸ್ ಸೌದಾಳ ಕೈಯಲ್ಲಿ ಕೊಟ್ಟಿದ್ದೆ. ನಿಮ್ಮ ಪಕ್ಕದ ಮನೆ ಸೌದಾ," ಅಂದಳು. "ಎಷ್ಟೋ ಸಲ ಹೇಳಿ ಕಳಿಸಿದೆ ನಿನಗೆ. ನಂಬ್ಲಿಕ್ಕೆ ಇದು ಬೇಕಾಯ್ತಾ?"

"ತಪ್ಪು ನನ್ನದು, ಸೆವ್ರಿನ್."

"ಕಥೆ ಬರೀತಿದ್ದಿಯಂತೆ."

"ಹೌದು."

"ನಾನು ಕ್ಷಮಿಸಿದೆ ಅಂತ ಬರೀಬೇಡ."

"ಇಲ್ಲ."

"ಕ್ಷಮಿಸಲಿಲ್ಲ ಅಂತಲೂ ಬರೀಬೇಡ. ನಾನಿನ್ನೂ ಯೋಚನೆ ಮಾಡಿಲ್ಲ. ನಿನ್ನ ಕಥೆಗೆ ಅರ್ಜೆಂಟ್ ಇದ್ರೆ ನಾನೆಂತ ಮಾಡುದು?"

"ಚಾ ಕುಡಿದು ಹೋಗು" ಅಂದಳು ಅಂತ ಬರೆದರೆ ನಿಮಗೂ ಸಮಾಧಾನ, ನನಗೂ ಸಮಾಧಾನ. ಅನ್ನಲಿಲ್ಲ. ಹೋಗು ಅಂತಲೂ ಅನ್ನಲಿಲ್ಲ. ಫೋನ್ ವಾಪಸ್ ಕೊಡಲಿಲ್ಲ. ಬೆರಳಿನಿಂದ ಒತ್ತಿ ಮತ್ತೆ ಮೊದಲಿನಿಂದ ಹಾಕಿದಳು. ನನ್ನ ಸ್ವರ ಶರೊನ್‌ಳನ್ನು ಕರೆಯಿತು. ಮುಗಿದ ಮೇಲೆ ಇನ್ನೊಮ್ಮೆ ಹಾಕಿದಳು.

ಕೂತ್ಕೋ ಅಂತ ಅವಳು ಹೇಳಿಲ್ಲ. ನಾನು ನಿಂತಿದ್ದೇನೆ. ನಿಮಗೆ ಕೆಲಸ ಇದ್ದರೆ ನೀವು ಹೊರಡಿ.